ಕಕ್ಕಡದ ಮಳೆ, ಕೈಯಲ್ಲೊಂದು ಕಾದಂಬರಿ, ಮಡಿಲಲ್ಲೊಂದು ಉಲ್ಲನ್ ಉಂಡೆ

ಮಡಿಕೇರಿ: ಜೂನ್ ತಿಂಗಳಲ್ಲಿ ಮುಂಗಾರು ಕೊಡಗಿನ ಬೆಟ್ಟಸಾಲನ್ನು ತಲುಪಿದ ಮೇಲೆ ಈ ಜಿಲ್ಲೆಯ ದಿನಚರಿಯನ್ನು ನಿರ್ಧರಿಸುವುದು ಮಳೆಯೇ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,200 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅದರ ಬಹುಪಾಲು ಬೀಳುವುದು ನಾಲ್ಕೇ ತಿಂಗಳುಗಳಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದಲ್ಲಂತೂ ಹೊಳೆ ಉಕ್ಕುತ್ತದೆ, ಮರ ಉರುಳಿ ವಿದ್ಯುತ್ ತಂತಿ ಹರಿಯುತ್ತದೆ, ಜಿಲ್ಲಾಡಳಿತ ಶಾಲೆಗಳಿಗೆ ರಜೆ ಸಾರುತ್ತದೆ. ರಾಜ್ಯದ ಬೇರೆ ಜಿಲ್ಲೆಗಳ ಮಕ್ಕಳು ಕೊಡಗಿನ ‘ಮಳೆ ರಜೆ’ಯ ಸುದ್ದಿಯನ್ನು ಅಸೂಯೆಯಿಂದಲೇ ಓದುವುದುಂಟು.

ಅಂಥದೊಂದು ರಜೆಯ ಮಧ್ಯಾಹ್ನ, ಕಾಫಿ ತೋಟದ ನಡುವಿನ ಮನೆಯೊಂದರಲ್ಲಿ ಹದಿನೈದರ ಹರೆಯದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕರೆಂಟು ಬೆಳಿಗ್ಗೆಯೇ ಹೋಗಿದೆ. ಮೊಬೈಲಿನ ಬ್ಯಾಟರಿ ಕೊನೆಯುಸಿರು ಎಳೆಯುತ್ತಿದೆ, ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಪಾಠವೂ ಇಲ್ಲ, ಏಕೆಂದರೆ ದಾರಿಯಲ್ಲಿ ನೀರು ನಿಂತಿದೆ. ಕಿಟಕಿಯ ಬಳಿ ಕುಳಿತ ಆಕೆಯ ಒಂದು ಬದಿಗೆ ಅರ್ಧ ಓದಿದ ಕಾದಂಬರಿ, ಮತ್ತೊಂದು ಬದಿಗೆ ಎರಡು ಕಡ್ಡಿ ಚುಚ್ಚಿಟ್ಟ ಉಲ್ಲನ್ ಉಂಡೆ. ಸಂಜೆಯವರೆಗಿನ ನಾಲ್ಕು ಗಂಟೆ ಸಂಪೂರ್ಣವಾಗಿ ಅವಳದೇ.

ನೋಡುವವರಿಗೆ ಇದು ಕಾಲಹರಣ. ಹತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ವರ್ಷಗಳಲ್ಲಿ ವಿದ್ಯಾರ್ಥಿಯ ಪ್ರತಿಯೊಂದು ಗಂಟೆಗೂ ಅಂಕಗಳ ಲೆಕ್ಕ ಹಚ್ಚುವ ಇಂದಿನ ಪದ್ಧತಿಯಲ್ಲಿ ಕಾದಂಬರಿಗೂ ಅಂಕವಿಲ್ಲ, ಸ್ವೆಟರಿಗೂ ಅಂಕವಿಲ್ಲ. ಆದರೆ ಇವೆರಡನ್ನೂ ಆಕೆ ಯಾರ ಒತ್ತಾಯವೂ ಇಲ್ಲದೆ ಆರಿಸಿಕೊಂಡಿದ್ದಾಳೆ ಎಂಬುದು ಗಮನಾರ್ಹ. ಹದಿಹರೆಯದಲ್ಲಿ ಹಾಗೆ ಆರಿಸಿಕೊಳ್ಳುವ ಅವಕಾಶ ಸಿಗುವುದು ಸಣ್ಣ ಸಂಗತಿಯಲ್ಲ. ಈ ನಾಡಿನಲ್ಲಿ ಒಂದು ಕಾಲಕ್ಕೆ ಅದಕ್ಕಾಗಿ ಹೋರಾಡಬೇಕಿತ್ತು. ಇಂದು ಅವಕಾಶವಿದೆ, ಮಳೆಯ ಕೃಪೆಯಿಂದ ಸಮಯವೂ ಇದೆ. ಆದರೆ ಆಕೆಯ ಕೈಗೆ ಸರಿಯಾದ ಕನ್ನಡ ಪುಸ್ತಕ ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಏನಿದು ಹರೆಯದ ಕಾದಂಬರಿ?

ಇಂಗ್ಲಿಷ್ ಪ್ರಕಾಶಕರು ‘ಯಂಗ್ ಅಡಲ್ಟ್’ ಎಂದು ಕರೆಯುವ ಈ ಪ್ರಕಾರಕ್ಕೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ನೆಲೆ ನಿಂತಿಲ್ಲ. ‘ಹದಿಹರೆಯದ ಸಾಹಿತ್ಯ’ ಎನ್ನುವವರಿದ್ದಾರೆ, ‘ಕಿಶೋರ ಸಾಹಿತ್ಯ’ ಎನ್ನುವವರೂ ಇದ್ದಾರೆ. ಸ್ಥೂಲವಾಗಿ ಹನ್ನೆರಡರಿಂದ ಹದಿನೆಂಟರವರೆಗಿನ ಓದುಗರಿಗಾಗಿ, ಅದೇ ವಯಸ್ಸಿನ ಪಾತ್ರಗಳ ಕಣ್ಣಿನಿಂದ ಹೇಳಿದ ಕಥೆಗಳಿವು. ಮಕ್ಕಳ ಕಥೆಯಲ್ಲಿ ಕೊನೆಗೆ ಎಲ್ಲವೂ ಸರಿಹೋಗುತ್ತದೆ. ದೊಡ್ಡವರ ಕಾದಂಬರಿಯಲ್ಲಿ ಹರೆಯವೆಂಬುದು ಬಹುಮಟ್ಟಿಗೆ ನೆನಪು. ಹರೆಯದ ಕಾದಂಬರಿಯಲ್ಲಾದರೋ ಹರೆಯವೇ ವರ್ತಮಾನ: ಗೆಳತಿಯೊಡನೆ ಮಾತು ಬಿಟ್ಟದ್ದು, ಅಪ್ಪನ ಸಾಲ, ಮೊದಲ ಆಕರ್ಷಣೆ, ಮೊದಲ ಸಾವು, ಇವೆಲ್ಲವೂ ಈಗಷ್ಟೇ ನಡೆಯುತ್ತಿರುವಂತೆ ಎದುರಾಗುತ್ತವೆ.

ಅಮೆರಿಕದ ಗ್ರಂಥಾಲಯ ಸಂಘವು 1957ರಲ್ಲಿಯೇ ಈ ವಯಸ್ಸಿನವರ ಸೇವೆಗೆಂದು ಪ್ರತ್ಯೇಕ ವಿಭಾಗವೊಂದನ್ನು ತೆರೆಯಿತು. ಹತ್ತು ವರ್ಷಗಳ ನಂತರ, 1967ರಲ್ಲಿ, ‘ದಿ ಔಟ್‌ಸೈಡರ್ಸ್’ ಪ್ರಕಟವಾಯಿತು. ಅದನ್ನು ಬರೆದ ಎಸ್.ಇ. ಹಿಂಟನ್ ಎಂಬಾಕೆಗೆ ಆಗ ಹದಿನೆಂಟು ವರ್ಷ. ಬರೆಯಲು ಆರಂಭಿಸಿದ್ದು ಹೈಸ್ಕೂಲಿನ ಬೆಂಚಿನ ಮೇಲೆಯೇ. ಹುಡುಗಿಯೊಬ್ಬಳು ಬೀದಿ ಹುಡುಗರ ಜಗಳದ ಕಥೆ ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರು ಎಂಬ ಕಾರಣಕ್ಕೆ ಪೂರ್ಣ ಹೆಸರನ್ನು ಮರೆಮಾಡಿ ಇನಿಶಿಯಲ್‌ಗಳನ್ನಷ್ಟೇ ಮುದ್ರಿಸಲಾಯಿತು.

ಅದಕ್ಕೂ ನೂರು ವರ್ಷ ಮೊದಲು, 1868ರಲ್ಲಿ ಬಂದ ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟ್ಲ್ ವಿಮೆನ್’ ಹರೆಯದ ಹುಡುಗಿಯರು ಇಂದಿಗೂ ಓದುವ ಪುಸ್ತಕ. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ. ಮನೆಯಲ್ಲಿ ನಾಲ್ವರು ಸಹೋದರಿಯರು ಮುಸ್ಸಂಜೆಯಲ್ಲಿ ಹೆಣಿಗೆ ಹಿಡಿದು ಕುಳಿತಿದ್ದಾರೆ. ಎರಡನೆಯವಳಾದ, ಪುಸ್ತಕದ ಹುಚ್ಚಿನ ಜೋ ಕೈಯಲ್ಲಿ ಸೈನಿಕರ ಕಾಲುಚೀಲ. ಆಕೆಗೆ ಅದು ಬೇಡ. ಯುದ್ಧಕ್ಕೆ ಹೋಗಲಾರದೆ ಮುದುಕಿಯಂತೆ ಮನೆಯಲ್ಲಿ ಹೆಣೆಯುತ್ತ ಕೂರಬೇಕಲ್ಲ ಎಂದು ಸಿಡಿಮಿಡಿಗೊಳ್ಳುತ್ತಾಳೆ. ಓದು ತಾನೇ ಆರಿಸಿಕೊಂಡದ್ದು, ಹೆಣಿಗೆ ಹೆಣ್ಣೆಂಬ ಕಾರಣಕ್ಕೆ ಹೇರಿದ್ದು. ಇದು ಜೋಳ ತಕರಾರು. ಮನೆಗೊಬ್ಬ ಸೈನಿಕನೆಂದು ಹೆಸರಾದ ಕೊಡಗಿನಲ್ಲಿ, ಗಡಿಯಿಂದ ಬರುವ ಪತ್ರಕ್ಕೆ ಕಾದು ಕುಳಿತ ಮನೆಗಳ ಹುಡುಗಿಯರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೌರಮ್ಮ ಎಂಬ ಹರೆಯದ ಹುಡುಗಿ

ಕೊಡಗಿನಲ್ಲಿ ಓದಿನ ಹುಚ್ಚಿನ ಹುಡುಗಿಯೆಂದರೆ ಮೊದಲು ನೆನಪಾಗುವ ಹೆಸರು ಕೊಡಗಿನ ಗೌರಮ್ಮನವರದು. 1912ರಲ್ಲಿ ಮಡಿಕೇರಿಯಲ್ಲಿ ವಕೀಲ ಎನ್.ಎಸ್. ರಾಮಯ್ಯನವರ ಮಗಳಾಗಿ ಜನಿಸಿದ ಗೌರಮ್ಮ, ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಹದಿಹರೆಯದಲ್ಲಿಯೇ ಮದುವೆಯಾಗಿ ಸುಂಟಿಕೊಪ್ಪದ ಕಾಫಿ ತೋಟದ ಮನೆಗೆ ಬಂದರು. ಪತಿ ಬಿ.ಟಿ. ಗೋಪಾಲಕೃಷ್ಣ ಅವರಿಗೆ ಅಲ್ಲಿ ತೋಟದ ಉದ್ಯೋಗ. ಆ ಕಾಲದ ಹೆಣ್ಣುಮಕ್ಕಳ ಪಾಲಿಗೆ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯಬೇಕು.

ಆದರೆ ಗೌರಮ್ಮ ಓದಿದರು, ಹಿಂದಿ ಕಲಿತರು, ಟೆನಿಸ್ ಆಡಿದರು, ಈಜಿದರು, ಕಥೆ ಬರೆದರು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೂ ಬರಬೇಕೆಂದು ಪಟ್ಟು ಹಿಡಿದು ಉಪವಾಸ ಕೂತರು. ಗಾಂಧೀಜಿ ಬಂದರು, ಗೌರಮ್ಮ ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಟ್ಟರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಬಾಲ್ಯವಿವಾಹ, ವೈಧವ್ಯ, ಮದುವೆಯ ಸಂತೆಯಲ್ಲಿ ಹೆಣ್ಣಿಗಿಲ್ಲದ ದನಿ, ಇವು ಅವರ ಕಥೆಗಳ ವಸ್ತು. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು’, ‘ಆಹುತಿ’ ಮೊದಲಾದ ಕಥೆಗಳನ್ನು ಓದಿದವರಿಗೆ ಅವರ ಪಾತ್ರಗಳಲ್ಲಿ ಹಲವರು ಇಂದಿನ ಪಿಯುಸಿ ವಿದ್ಯಾರ್ಥಿನಿಯರ ವಯಸ್ಸಿನವರೇ ಎಂಬುದು ತಟ್ಟನೆ ಹೊಳೆಯುತ್ತದೆ. ಪತ್ರಿಕೆಗಳಲ್ಲಿ ಅವರು ಬಳಸಿದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಹಿಂಟನ್ ಹೆಸರಿನ ಇನಿಶಿಯಲ್‌ಗಳ ಕಥೆ ಕೇಳಿದವರಿಗೆ ಇದು ಅಪರಿಚಿತವೆನಿಸದು.

1939ರ ಏಪ್ರಿಲ್ 13ರಂದು ಹೊಳೆಯಲ್ಲಿ ಈಜಲು ಇಳಿದ ಗೌರಮ್ಮ ಸುಳಿಗೆ ಸಿಲುಕಿ ತೀರಿಕೊಂಡರು. ಅವರಿಗಿನ್ನೂ ಇಪ್ಪತ್ತೇಳು. ‘ಕಂಬನಿ’, ‘ಚಿಗುರು’ ಸಂಕಲನಗಳಷ್ಟೇ ಉಳಿದವು. ವರಕವಿ ದ.ರಾ. ಬೇಂದ್ರೆ ಅವರನ್ನು ‘ತಂಗಿ ಗೌರಮ್ಮ’ ಎಂದು ಕವಿತೆಯಲ್ಲಿ ನೆನೆದರು.

ಮುಂದೆ ದಶಕಗಳ ಕಾಲ ಗೌರಮ್ಮ ಸಾಹಿತ್ಯ ಚರಿತ್ರೆಯ ಒಂದು ಪ್ಯಾರಾ ಆಗಿಯಷ್ಟೇ ಉಳಿದರು ಎಂದರೆ ಅತಿಶಯೋಕ್ತಿಯಾಗದು. ಅವರ ಕಥೆಗಳನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯವರೇ ಆದ ದೀಪಾ ಭಾಸ್ತಿ. ‘ಫೇಟ್ಸ್ ಗೇಮ್ ಅಂಡ್ ಅದರ್ ಸ್ಟೋರೀಸ್’ ಹೆಸರಿನ ಆ ಅನುವಾದ 2023ರಲ್ಲಿ ಹೊರಬಂತು. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗಾಗಿ 2025ರ ಮೇ ತಿಂಗಳಲ್ಲಿ ಮೂಲ ಲೇಖಕಿಯೊಡನೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಹಂಚಿಕೊಂಡವರೂ ಇದೇ ದೀಪಾ ಭಾಸ್ತಿ.

ನಡುವಿನ ಕಪಾಟು ಖಾಲಿ

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ಬಡತನವಿಲ್ಲ. ಅದರ ಆದ್ಯರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು ಮಡಿಕೇರಿಯ ಶಾಲೆಯಲ್ಲಿಯೇ ಸೇವೆ ಸಲ್ಲಿಸಿದವರು. ಕೊಡಗಿನ ಸುಗ್ಗಿಯ ಕುರಿತ ಅವರ ‘ಹುತ್ತರಿಯ ಹಾಡು’ ಇಂದಿಗೂ ಶಾಲೆಗಳಲ್ಲಿ ಕೇಳಿಬರುತ್ತದೆ. ಕುವೆಂಪು, ರಾಜರತ್ನಂ, ಕಾರಂತರ ‘ಬಾಲ ಪ್ರಪಂಚ’, ಮನೆಮನೆಯ ‘ಚಂದಮಾಮ’ ಹೀಗೆ ಪಟ್ಟಿ ಉದ್ದವಿದೆ. ಇನ್ನೊಂದು ತುದಿಯಲ್ಲಿ ದೊಡ್ಡವರ ಕಾದಂಬರಿಗಳ ದೊಡ್ಡ ರಾಶಿಯೇ ಇದೆ. ಇವೆರಡರ ನಡುವಿನ ಕಪಾಟಿನಲ್ಲಿ ಪುಸ್ತಕಗಳು ವಿರಳ. ಏಳನೇ ತರಗತಿಗೆ ‘ಪುಟ್ಟನ ಕಥೆ’ ಸಾಕೆನಿಸಿದ ಹುಡುಗಿ, ಹತ್ತನೇ ತರಗತಿಗೆ ಭೈರಪ್ಪನವರ ಬೃಹತ್ ಕಾದಂಬರಿಗೆ ಹಾರಬೇಕು. ಹಾರಲಾಗದವಳು ಇಂಗ್ಲಿಷಿಗೆ ಹೊರಳುತ್ತಾಳೆ, ಇಲ್ಲವೇ ಓದನ್ನೇ ಬಿಡುತ್ತಾಳೆ.

ಹಿಂದಿನ ತಲೆಮಾರಿನ ಹುಡುಗಿಯರು ಈ ಕೊರತೆಯನ್ನು ತಮ್ಮದೇ ರೀತಿಯಲ್ಲಿ ತುಂಬಿಕೊಂಡಿದ್ದರು. ಬಾಡಿಗೆ ಗ್ರಂಥಾಲಯದಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರ ಕಾದಂಬರಿ ತಂದು ಪಠ್ಯಪುಸ್ತಕದೊಳಗಿಟ್ಟು ಓದಿದವರು ಇಂದು ಅಜ್ಜಿಯರಾಗಿದ್ದಾರೆ. 1963ರಲ್ಲಿ ಮೂವತ್ತನಾಲ್ಕರ ಹರೆಯದಲ್ಲಿಯೇ ತೀರಿಕೊಂಡ ತ್ರಿವೇಣಿ ಹರೆಯದವರಿಗೆಂದು ಬರೆದವರಲ್ಲ. ಆದರೂ ‘ಬೆಕ್ಕಿನ ಕಣ್ಣು’, ‘ಶರಪಂಜರ’ಗಳಲ್ಲಿ ಮನಸ್ಸಿನ ಕಾಯಿಲೆಯನ್ನು ಅವರು ಮುಚ್ಚುಮರೆಯಿಲ್ಲದೆ ಬರೆದದ್ದು, ಮನೆಯಲ್ಲಿ ಯಾರೂ ಮಾತಾಡದ ವಿಷಯವೊಂದನ್ನು ಎಷ್ಟೋ ಹುಡುಗಿಯರ ಕೈಗಿಟ್ಟಿತು. ಕೊಡಗಿನ ಮಣ್ಣಿನವರೇ ಆದ ಭಾರತೀಸುತರ ಕಾದಂಬರಿಗಳಲ್ಲಿ ಈ ಸೀಮೆಯ ಕಾಡು, ಬೆಟ್ಟ, ಹಳೆಯ ಕಾಲದ ಸಾಹಸ ಇವೆ; ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973), ರಾಜಕುಮಾರ್ ಅಭಿನಯದ ‘ಹುಲಿಯ ಹಾಲಿನ ಮೇವು’ (1979) ಚಿತ್ರಗಳ ಮೂಲಕ ಅವರ ಕಥೆ ಗೊತ್ತಿದ್ದು ಹೆಸರು ಗೊತ್ತಿಲ್ಲದವರೇ ಹೆಚ್ಚು.

ಹರೆಯದವರಿಗೆಂದು ಬರೆಯದೆಯೇ ಹರೆಯದವರನ್ನು ಗೆದ್ದವರೆಂದರೆ ಪೂರ್ಣಚಂದ್ರ ತೇಜಸ್ವಿ. ಹಾರುವ ಓತಿಯ ಬೆನ್ನು ಹತ್ತಿದ ‘ಕರ್ವಾಲೊ’ (1980) ಕೈಗೆತ್ತಿಕೊಂಡ ಹದಿನಾಲ್ಕರ ಓದುಗ ಅದನ್ನು ನಡುವೆ ಕೆಳಗಿಡುವುದು ಅಪರೂಪ. ಏಲಕ್ಕಿ ನಾಡಿನ ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ಗಳ ಮಳೆ, ತೋಟ, ಗಿರಾಕಿಗಳಂತೂ ಸೋಮವಾರಪೇಟೆಯ ಹುಡುಗರಿಗೆ ನೆರೆಮನೆಯ ಸಂಗತಿ. ವಿಜ್ಞಾನದ ಕುತೂಹಲ, ಪತ್ತೇದಾರಿ ಎಳೆ, ದೊಡ್ಡವರ ಪೊಳ್ಳುತನವನ್ನು ಕಂಡು ನಗುವ ಧೈರ್ಯ, ಈ ಮೂರೂ ಒಂದೇ ಪುಸ್ತಕದಲ್ಲಿ ಸಿಗುವುದರಿಂದಲೇ ಬಹುಶಃ ತೇಜಸ್ವಿ ಇಂದಿಗೂ ಹಾಸ್ಟೆಲಿನಿಂದ ಹಾಸ್ಟೆಲಿಗೆ ಸಾಗುತ್ತಿದ್ದಾರೆ.

ಈಚಿನ ವರ್ಷಗಳಲ್ಲಿ ಪರಿಸ್ಥಿತಿ ತುಸು ಬದಲಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ನೀಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನು ಗಮನಿಸಿದರೆ, ಪುಟ್ಟ ಮಕ್ಕಳ ಪದ್ಯಗಳ ಜತೆಗೆ ತುಸು ಬೆಳೆದ ಓದುಗರ ಕಾದಂಬರಿಗಳೂ ಕಾಣಿಸುತ್ತವೆ. ಶರಾವತಿ ಮುಳುಗಡೆಯ ನೋವನ್ನು ಮಕ್ಕಳ ಕಣ್ಣಿಂದ ಕಂಡ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಈ ಪುರಸ್ಕಾರ ಪಡೆಯಿತು. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಸತತ ಮೂರು ವರ್ಷಗಳ ಪುರಸ್ಕೃತ ಕಾದಂಬರಿಗಳು. ಕೊಡಗಿನ ಹುಡುಗಿಗೆ ಇವುಗಳ ಹೆಸರನ್ನು ಹೇಳುವವರು ಬೇಕಷ್ಟೆ.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ಕೊಡವ, ಅರೆಭಾಷೆ, ತುಳು, ಮಲಯಾಳ, ಉರ್ದು, ಕನ್ನಡ, ಇಷ್ಟು ಮನೆಮಾತುಗಳ ಜಿಲ್ಲೆಯಲ್ಲಿ ಕನ್ನಡ ಅನೇಕರಿಗೆ ಶಾಲೆಯ ಭಾಷೆ, ಬೀದಿಯ ಭಾಷೆ. ಮನೆಯಲ್ಲಿ ಕೊಡವ ತಕ್ಕ್, ತರಗತಿಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಕನ್ನಡ ಆಡುವ ಹುಡುಗಿ ಯಾವ ಭಾಷೆಯಲ್ಲಿ ಸಂತೋಷಕ್ಕಾಗಿ ಓದುತ್ತಾಳೆ? ಯಾವ ಭಾಷೆಯಲ್ಲಿ ಒಳ್ಳೆಯ ಪುಸ್ತಕ ಕೈಗೆಟುಕುವಂತಿದೆಯೋ ಆ ಭಾಷೆಯಲ್ಲಿ. ಕೊಡವ ಸಾಹಿತ್ಯ ಅಕಾಡೆಮಿ (1994), ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ (2011) ಎರಡೂ ಮಡಿಕೇರಿಯಲ್ಲಿವೆ. ಈ ಭಾಷೆಗಳಲ್ಲಿ ಹರೆಯದ ಕಾದಂಬರಿಗಳು ಬಂದರೆ ಅವುಗಳಿಗೆ ಕನ್ನಡ ಲಿಪಿಯ ದಾರಿ ಸಿದ್ಧವಾಗಿಯೇ ಇದೆ.

ಪಂಚಾಯಿತಿಯ ಬಾಗಿಲು ತೆರೆದಿದೆ

ಪುಸ್ತಕದಂಗಡಿ ಬೆರಳೆಣಿಕೆಯಷ್ಟಿರುವ ಜಿಲ್ಲೆಯಲ್ಲಿ ಗ್ರಂಥಾಲಯವೇ ಗತಿ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಈಗ ‘ಅರಿವು ಕೇಂದ್ರ’ ಎಂಬ ಫಲಕ ಹೊತ್ತಿರುವ ಇಂಥ ಗ್ರಂಥಾಲಯಗಳು ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚಿವೆ. ಹದಿನೆಂಟರವರೆಗೆ ಉಚಿತ ಎಂಬುದು ಇಲ್ಲಿ ಮುಖ್ಯ: ನಿಯಮದ ಮಟ್ಟಿಗಾದರೂ ಹರೆಯದ ಓದುಗಿಯನ್ನು ಸರ್ಕಾರ ಒಳಗೆ ಕರೆದಿದೆ.

ಒಳಗೆ ಬಂದವಳಿಗೆ ಕಾಣುವುದೇನು? ಚಿತ್ರಪುಸ್ತಕಗಳ ಬುಟ್ಟಿ ಒಂದೆಡೆ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳ ಸಾಲು ಮತ್ತೊಂದೆಡೆ. ಎಂಟು ವರ್ಷದ ತಮ್ಮನಿಗೂ ಪುಸ್ತಕವಿದೆ, ಸರ್ಕಾರಿ ಕೆಲಸ ಹುಡುಕುವ ಅಣ್ಣನಿಗೂ ಪುಸ್ತಕವಿದೆ. ನಡುವಿನವಳಿಗಾಗಿ ಯಾರೂ ಆಲೋಚಿಸಿದಂತಿಲ್ಲ. ಸರ್ಕಾರದ ಸಗಟು ಪುಸ್ತಕ ಖರೀದಿ ವಿಳಂಬವಾಗುತ್ತಿದೆ ಎಂಬ ಪ್ರಕಾಶಕರ ದೂರು ಹಳೆಯದು. ಖರೀದಿ ನಡೆದಾಗಲೂ ಈ ವಯಸ್ಸಿನವರಿಗೆಂದೇ ಒಂದು ಪಾಲು ಮೀಸಲಿಡುವುದು ದುಬಾರಿಯ ಕೆಲಸವೇನಲ್ಲ. ಮೇಲೆ ಹೆಸರಿಸಿದಂಥ ಇಪ್ಪತ್ತು ಪುಸ್ತಕಗಳಿಗೆ ಒಂದು ಮೊಳದಷ್ಟು ಕಪಾಟು ಸಾಕು.

ಎರಡು ಕಡ್ಡಿ, ಒಂದು ದಾರ

ಇನ್ನು ಹೆಣಿಗೆಯ ವಿಚಾರ. ನೇಯ್ಗೆಯಲ್ಲಿ ಹಾಸು, ಹೊಕ್ಕು ಎಂಬ ಎರಡು ದಿಕ್ಕಿನ ನೂಲುಗಳು ಅಡ್ಡಡ್ಡ ದಾಟುತ್ತವೆ. ಅದಕ್ಕೆ ಮಗ್ಗ ಬೇಕು. ಹೆಣಿಗೆಗೆ ಒಂದೇ ದಾರ ಸಾಕು. ದಾರದ ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದಷ್ಟೇ ಇದರ ಗುಟ್ಟು. ಮುಂದಿನಿಂದ ಎಳೆದರೆ ಸೀದಾ, ಹಿಂದಿನಿಂದ ಎಳೆದರೆ ಉಲ್ಟಾ. ಎಂಥ ಚಿತ್ತಾರದ ಸ್ವೆಟರೇ ಆಗಲಿ, ಬಿಡಿಸಿ ನೋಡಿದರೆ ಬಹುಪಾಲು ಈ ಎರಡರ ಎಣಿಕೆಯೇ. ಕುಣಿಕೆಗಳು ಬಾಗಿ ಹಿಗ್ಗುವುದರಿಂದಲೇ ಸ್ವೆಟರ್ ಮೈಗೆ ಹೊಂದಿಕೊಳ್ಳುತ್ತದೆ, ನಡುವೆ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ.

ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಮಧ್ಯಮ ದಪ್ಪದ ಉಲ್ಲನ್‌ನಲ್ಲಿ ದೊಡ್ಡವರ ಸ್ವೆಟರಿನ ಬೆನ್ನಿನ ಅಗಲಕ್ಕೆ ನೂರರ ಆಸುಪಾಸು ಕುಣಿಕೆ ಬೇಕು. ಸೊಂಟದಿಂದ ಭುಜದವರೆಗೆ 180 ಸಾಲು ಎಂದಿಟ್ಟುಕೊಂಡರೂ ಬೆನ್ನಿನ ಭಾಗವೊಂದಕ್ಕೇ 18 ಸಾವಿರ ಕುಣಿಕೆಗಳಾದವು. ಅದರಲ್ಲಿ ಒಂದು ಜಾರಿದರೂ ಏಣಿಯಂತೆ ಕೆಳಗಿನವರೆಗೆ ಬಿಚ್ಚಿಕೊಳ್ಳುತ್ತದೆ. ಆದರೆ ಬಿಚ್ಚಿದ್ದನ್ನು ಮತ್ತೆ ಹೆಣೆಯಬಹುದು. ಅಮ್ಮನ ಹಳೆಯ ಸ್ವೆಟರನ್ನು ಉಚ್ಚಿ, ಸುರುಳಿಗಟ್ಟಿದ ದಾರವನ್ನು ತೊಳೆದು ಭಾರ ಕಟ್ಟಿ ಒಣಗಿಸಿ ನೇರ ಮಾಡಿ, ಮಗಳಿಗೆ ಹೊಸದನ್ನು ಹಾಕುವುದು ಮಲೆನಾಡಿನ ಮನೆಗಳಿಗೆ ಹೊಸತಲ್ಲ. ಕತ್ತರಿ ತಾಗಿದ ಬಟ್ಟೆಗೆ ಈ ಭಾಗ್ಯವಿಲ್ಲ.

ಮಳೆನಾಡಿನಲ್ಲಿ ಉಣ್ಣೆಗೆ ಬೇರೆಯದೇ ಬೆಲೆ. ಅಪ್ಪಟ ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆಯೆನಿಸುವುದಿಲ್ಲ. ಆದರೆ ದುಬಾರಿ, ನುಸಿಯ ಕಾಟ ಬೇರೆ, ಒದ್ದೆಯಾದರೆ ಕಕ್ಕಡದಲ್ಲಿ ಒಣಗಿಸುವುದು ಒಲೆಯ ಬಳಿಯೇ. ಅಂಗಡಿಯಲ್ಲಿ ‘ಉಲ್ಲನ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಬಹುಪಾಲು ಅಕ್ರಿಲಿಕ್ ನೂಲು. ಹಗುರ, ಅಗ್ಗ, ಬೇಗ ಒಣಗುತ್ತದೆ. ಶುದ್ಧ ಉಣ್ಣೆಯ ಅಭಿಮಾನಿಗಳು ಮುಖ ಸಿಂಡರಿಸಿದರೂ ಕೊಡಗಿನ ಹವೆಯಲ್ಲಿ ಇದು ಕೆಟ್ಟ ಆಯ್ಕೆಯೇನಲ್ಲ.

ಕೈಹೆಣಿಗೆ ಹಿಂದೆ ಸರಿದದ್ದು ಸಿದ್ಧ ಸ್ವೆಟರಿನ ಎದುರು. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಗೊಂಡರು. ದೇಶದ ನಾನಾ ಊರುಗಳಲ್ಲಿ ಚಳಿಗಾಲದ ಸ್ವೆಟರ್ ಮಾರಾಟ ಟಿಬೆಟನ್ನರ ಮುಖ್ಯ ಜೀವನೋಪಾಯವಾಯಿತು. ಮೊದಮೊದಲು ಕೈಯಲ್ಲಿ ಹೆಣೆದದ್ದನ್ನು ಮಾರುತ್ತಿದ್ದ ಅವರು ಕ್ರಮೇಣ ಲುಧಿಯಾನದ ಕಾರ್ಖಾನೆಗಳಿಂದ ಸರಕು ತರಿಸತೊಡಗಿದರು. ಕೆಲವು ನೂರು ರೂಪಾಯಿಗೆ ಸ್ವೆಟರ್ ಸಿಗುವಾಗ ತಿಂಗಳುಗಟ್ಟಲೆ ಕಡ್ಡಿ ಆಡಿಸುವವರು ಯಾರು? ಚೀನಾ ಯುದ್ಧದ 1962ರಲ್ಲಿ ದೇಶದ ಉದ್ದಗಲಕ್ಕೂ ಮಹಿಳೆಯರು ಹಿಮದಲ್ಲಿ ನಿಂತ ಜವಾನರಿಗೆಂದು ಸ್ವೆಟರ್, ಕಾಲುಚೀಲ ಹೆಣೆದು ಕಳುಹಿಸಿದ್ದರು. ಅಂದು ಹೆಣಿಗೆ ಮನೆಗೆಲಸವಾಗಿತ್ತು, ಕರ್ತವ್ಯವಾಗಿತ್ತು. ಯಂತ್ರ ಅದನ್ನು ಕಸಿದುಕೊಂಡಿತು ಎನ್ನುವುದು ಒಂದು ನೋಟ. ಯಂತ್ರ ಬಂದದ್ದರಿಂದಲೇ ಹೆಣಿಗೆ ಕಡ್ಡಾಯವಲ್ಲದೆ ಖುಷಿಯಾಯಿತು ಎಂಬುದು ಹೆಚ್ಚು ಸರಿ. ಜೋಳ ಸಿಡುಕಿಗೆ ಈಗ ಕಾರಣವಿಲ್ಲ.

ಹೆಣಿಗೆ ಹೆಣ್ಣಿನ ಸ್ವತ್ತೂ ಅಲ್ಲ. ಮಧ್ಯಯುಗದ ಯುರೋಪಿನ ಹೆಣಿಗೆ ಸಂಘಗಳಲ್ಲಿ ಕಸುಬುದಾರರು ಗಂಡಸರೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದ ಬ್ರಿಟನ್ನಿನ ಟಾಮ್ ಡೇಲಿ ಗ್ಯಾಲರಿಯಲ್ಲಿ ಕುಳಿತು ಹೆಣೆಯುತ್ತಿದ್ದ ಚಿತ್ರ ಜಗತ್ತನ್ನು ಸುತ್ತಿತು. ಹಾಕಿಗೆ ಪ್ರಾಣ ಕೊಡುವ ಕೊಡಗಿನ ಹುಡುಗರು ಇದನ್ನು ಗಮನಿಸಬಹುದು.

ಹೆಣಿಗೆ ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂಬ ಮಾತಿಗೂ ಆಧಾರವಿದೆ. ಬ್ರಿಟನ್ನಿನ ವೃತ್ತಿ ಚಿಕಿತ್ಸಾ ಪತ್ರಿಕೆಯೊಂದು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 3,545 ಮಂದಿ ಹೆಣಿಗೆಗಾರರು ಪಾಲ್ಗೊಂಡಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತರಾಗಿ, ಸಂತೋಷವಾಗಿ ಇರುವುದಾಗಿ ಹೇಳಿಕೊಂಡರು. ಉತ್ತರಿಸಿದವರೆಲ್ಲ ಮೊದಲೇ ಹೆಣಿಗೆಯನ್ನು ಪ್ರೀತಿಸುವವರು ಎಂಬುದನ್ನು ಮರೆಯಬಾರದು. ಪರೀಕ್ಷಾ ಭಯಕ್ಕೆ ಸ್ವೆಟರ್ ಔಷಧವೆಂದು ಇದರಿಂದ ಸಾಬೀತಾಗದು.

ಒಟ್ಟಿಗೆ ಎರಡೂ ಸಾಧ್ಯವೇ?

ಸಾಧ್ಯ, ಆದರೆ ಎಲ್ಲ ಹೆಣಿಗೆಯೂ ಎಲ್ಲ ಕಾದಂಬರಿಗೂ ಹೊಂದುವುದಿಲ್ಲ. ಸಾಲುಸಾಲಾಗಿ ಸೀದಾ ಹೆಣೆಯುವ ಮಫ್ಲರ್ ಆದರೆ ಕೆಲವೇ ವಾರಗಳಲ್ಲಿ ಬೆರಳುಗಳೇ ದಾರಿ ಕಲಿಯುತ್ತವೆ, ಕಣ್ಣು ಪುಸ್ತಕಕ್ಕೆ ಬಿಡುವಾಗುತ್ತದೆ. ಪುಟ ಹಾರದಂತೆ ಬಟ್ಟೆಯ ಕ್ಲಿಪ್ ಹಾಕಿ, ದಿಂಬಿಗೆ ಒರಗಿಸಿಟ್ಟರೆ ಆಯಿತು. ಕುಣಿಕೆ ಎಣಿಸಬೇಕಾದ ಚಿತ್ತಾರವಾದರೆ ಓದು ನಿಲ್ಲಿಸಲೇಬೇಕು. ಕಾದಂಬರಿ ರೋಚಕ ಘಟ್ಟಕ್ಕೆ ಬಂದಾಗ ಹೆಣಿಗೆ ಬಿಗಿಯಾಗುತ್ತದೆ ಎಂಬುದು ಹೆಣೆಯುವವರಿಗೆಲ್ಲ ಗೊತ್ತಿರುವ ಸತ್ಯ. ಸ್ವೆಟರಿನ ಯಾವ ಸಾಲಿನಲ್ಲಿ ಕಥೆ ತಿರುವು ಪಡೆಯಿತೆಂದು ಮುಟ್ಟಿ ಹೇಳಬಹುದು.

ಕೊಡಗಿನ ಮಳೆಯನ್ನು ಕೇವಲ ರಮ್ಯವಾಗಿ ಕಾಣುವ ಕಾಲ 2018ರ ಆಗಸ್ಟ್‌ನ ಭೂಕುಸಿತದೊಂದಿಗೆ ಮುಗಿದಿದೆ. ಆ ವರ್ಷ ಮನೆ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದವರಲ್ಲಿ ಹರೆಯದ ಹುಡುಗಿಯರೂ ಇದ್ದರು. ಅವರಿಗೆ ಮಳೆ ರಜೆ ಬಿಡುವಾಗಿರಲಿಲ್ಲ. ಈಗಲೂ ಕೆಂಪು ಎಚ್ಚರಿಕೆಯ ದಿನ ಬೆಟ್ಟದಂಚಿನ ಮನೆಯಲ್ಲಿ ಯಾರ ಮನಸ್ಸೂ ಪುಸ್ತಕದ ಮೇಲೆ ನಿಲ್ಲುವುದಿಲ್ಲ.

ಮೊದಲ ಸಲ ಕಡ್ಡಿ ಹಿಡಿಯುವವರು ನಾಲ್ಕು ಮಿಲಿಮೀಟರ್ ದಪ್ಪದ ಒಂದು ಜತೆ ಕಡ್ಡಿ, ತಿಳಿಬಣ್ಣದ ಮಧ್ಯಮ ಉಲ್ಲನ್ ಕೊಂಡರೆ ಸಾಕು. ಕಪ್ಪು ಬಣ್ಣ ಬೇಡ, ಕರೆಂಟಿಲ್ಲದ ಮಧ್ಯಾಹ್ನ ಕುಣಿಕೆ ಕಾಣುವುದಿಲ್ಲ. ಮೂವತ್ತು ಕುಣಿಕೆ ಏರಿಸಿ ಮಫ್ಲರಿನಿಂದ ಆರಂಭಿಸಿದರೆ, ಜೂನ್‌ನಲ್ಲಿ ಹಾಕತೊಡಗಿದ್ದು ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕೊರಳಿಗೆ ಬರುತ್ತದೆ. ಪಕ್ಕಕ್ಕೆ ಗೌರಮ್ಮನವರ ಕಥೆಗಳನ್ನು ಇಟ್ಟುಕೊಳ್ಳುವುದಾದರೆ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ ನೋಡಬಹುದು. ಅಲ್ಲಿಲ್ಲವಾದರೆ ತರಿಸಿಕೊಡಿ ಎಂದು ಗ್ರಂಥಪಾಲಕರಿಗೆ ಚೀಟಿ ಬರೆದು ಕೊಡುವ ಹಕ್ಕು ಹದಿನೈದರ ಸದಸ್ಯೆಗೂ ಇದೆ.